ಸರ್ಕಾರಿ ಶಾಲೆಯ ಮಕ್ಕಳಿಗೆ ಸಿಇಟಿಯಲ್ಲೂ ಒಂದು ಪಾಲಿರಲಿ

ಇಂಜಿನಿಯರಿಂಗ್‌ನಂಥ ಕೋರ್ಸುಗಳ ಪ್ರವೇಶಕ್ಕೆ ಸಿಇಟಿ ಅರ್ಜಿ ತುಂಬುವಾಗ ಎರಡು ಪ್ರಶ್ನೆ ಬರುತ್ತವೆ. ಒಂದರಿಂದ ಹತ್ತನೇ ತರಗತಿವರೆಗೆ ಪೂರ್ತಿ ಕನ್ನಡ ಮಾಧ್ಯಮದಲ್ಲಿ ಓದಿದ್ದೀರಾ? ಒಂದರಿಂದ ಹತ್ತನೇ ತರಗತಿವರೆಗೆ ಪೂರ್ತಿ ಗ್ರಾಮೀಣ ಪ್ರದೇಶದಲ್ಲಿ ಓದಿದ್ದೀರಾ? ಮೊದಲನೆಯದಕ್ಕೆ ಹೌದು ಎನ್ನುವವರಿಗೆ ಶೇ 5, ಎರಡನೆಯದಕ್ಕೆ ಹೌದು ಎನ್ನುವವರಿಗೆ ಶೇ 15 ಸೀಟು ಮೀಸಲು. ಬೆಂಗಳೂರಿನ ಲಗ್ಗೆರೆಯಲ್ಲಿ ನಾನು ಜೆರಾಕ್ಸ್ ಮತ್ತು ಆನ್‌ಲೈನ್ ಅರ್ಜಿಯ ಅಂಗಡಿ ನಡೆಸುತ್ತೇನೆ. ಗಾರ್ಮೆಂಟ್ಸ್ ಹೆಂಗಸರು, ಪೀಣ್ಯದ ಟರ್ನರ್, ಫಿಟ್ಟರ್‌ಗಳು, ಆಟೊ ಓಡಿಸುವವರು ಮಕ್ಕಳನ್ನು ಕರೆದುಕೊಂಡು ಬಂದು ಕೂರುತ್ತಾರೆ. ಅವರಲ್ಲಿ ಬಹುಪಾಲು ಮಕ್ಕಳಿಗೆ ಎರಡೂ ಪ್ರಶ್ನೆಗೆ ನಾನು ‘ಇಲ್ಲ’ ಎಂದೇ ಒತ್ತಬೇಕು. ಸರ್ಕಾರಿ ಶಾಲೆಯಲ್ಲಿ ಓದಿದ್ದಕ್ಕೆ ಒಂದು ಪಾಲು ಕೊಡುವ ಪ್ರಶ್ನೆ ಮಾತ್ರ ಆ ಅರ್ಜಿಯಲ್ಲಿಲ್ಲ. ಅದು ಇರಬೇಕು ಎಂದು ಹೇಳುವುದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಕಳೆದ ಸಲದ ಅರ್ಜಿ ಕಾಲದಲ್ಲಿ ಬಂದ ತಾಯಿ ಮಗಳ ಮಾತು ಹೇಳುತ್ತೇನೆ. ತಾಯಿ ಗಾರ್ಮೆಂಟ್ಸ್‌ನಲ್ಲಿ ಚೆಕಿಂಗ್ ಕೆಲಸ ಮಾಡುವವರು, ಭಾನುವಾರ ನೋಡಿಕೊಂಡು ಬಂದಿದ್ದರು. ಮಗಳು ದ್ವಿತೀಯ ಪಿಯುಸಿ, ಪಿಸಿಎಂಬಿ. ಜವಳಿ ಅಂಗಡಿಯ ಪ್ಲಾಸ್ಟಿಕ್ ಕವರಿನಿಂದ ಒಂದೊಂದೇ ಹೊರಗೆ ಬಂತು: ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡು, ಜಾತಿ ಮತ್ತು ಆದಾಯ ಪ್ರಮಾಣಪತ್ರದ ಆರ್‌ಡಿ ನಂಬರ್ ಬರೆದ ಚೀಟಿ, ಆಧಾರ್, ಕ್ಷೇತ್ರ ಶಿಕ್ಷಣಾಧಿಕಾರಿಯ (ಬಿಇಒ) ಮೇಲುಸಹಿ ಇದ್ದ ಸ್ಟಡಿ ಸರ್ಟಿಫಿಕೇಟು. ಸರ್ಟಿಫಿಕೇಟಿನಲ್ಲಿ ಒಂದರಿಂದ ಏಳು ಕನ್ನಡ ಮಾಧ್ಯಮ, ಎಂಟರಿಂದ ಹತ್ತು ಇಂಗ್ಲಿಷ್ ಮಾಧ್ಯಮ. ಹತ್ತೂ ವರ್ಷ ಸರ್ಕಾರಿ ಶಾಲೆಯೇ.

“ಏಳು ವರ್ಷ ಕನ್ನಡವೇ ಅಲ್ವಾ ಅಕ್ಕಾ, ಹೌದು ಅಂತ್ಲೇ ಹಾಕಿ.”

“ಹತ್ತೂ ವರ್ಷ ಇರಬೇಕಕ್ಕ. ಒಂದು ವರ್ಷ ಕಮ್ಮಿ ಆದ್ರೂ ಬರಲ್ಲ.”

“ಮತ್ತೆ ಸ್ಕೂಲಲ್ಲೇ ಹೇಳಿದ್ರು. ಚೆನ್ನಾಗಿ ಓದ್ತಾಳೆ, ಎಂಟನೇ ಕ್ಲಾಸಿಗೆ ಇಂಗ್ಲಿಷ್ ಸೆಕ್ಷನ್‌ಗೆ ಹಾಕಿ, ಮುಂದೆ ಸೈನ್ಸ್ ಸುಲಭ ಆಗುತ್ತೆ ಅಂತ.”

ಶಾಲೆಯವರು ಹೇಳಿದ್ದರಲ್ಲೂ ತಪ್ಪಿಲ್ಲ. ಪಿಯುಸಿ ವಿಜ್ಞಾನದ ಪಾಠ ಬಹುತೇಕ ಇಂಗ್ಲಿಷಿನಲ್ಲೇ ಇರುತ್ತದೆ. ಹತ್ತು ವರ್ಷ ಕನ್ನಡದಲ್ಲಿ ಓದಿ ಏಕಾಏಕಿ ಅಲ್ಲಿ ಹೋಗಿ ಕೂತವರು ಮೊದಲ ವರ್ಷ ಎಷ್ಟು ಒದ್ದಾಡುತ್ತಾರೆಂದು ಆ ಮೇಷ್ಟ್ರು ಕಂಡಿರುತ್ತಾರೆ. ಆದರೆ ಚೆನ್ನಾಗಿ ಓದುವ ಹುಡುಗಿಗೆ ಮಾಡಿದ ಆ ಉಪಕಾರದಿಂದಲೇ ಅವಳ ಶೇ 5ರ ಪಾಲು ಹೋಯಿತು. ಎಂಟನೇ ತರಗತಿಯ ದಾಖಲಾತಿ ದಿನ ಇದನ್ನು ಅವರಿಗೆ ಯಾರೂ ಹೇಳಿರಲಿಲ್ಲ. ಹೇಳಬೇಕಾದದ್ದು ಯಾರ ಕೆಲಸವೂ ಆಗಿಲ್ಲ.

ಪಾಲು ಅಂದರೆ ಏನೆಂದು ತಿಳಿಯಬೇಕಾದರೆ ಕರ್ನಾಟಕ ಪರೀಕ್ಷಾ ಪ್ರಾಧಿಕಾರ ಹೊರಡಿಸುವ ಕಟಾಫ್ ಪಟ್ಟಿ ತೆಗೆದು ನೋಡಿ. ಪ್ರತಿ ಕಾಲೇಜು, ಪ್ರತಿ ಕೋರ್ಸಿನ ಮುಂದೆ ಕೋಡುಗಳ ಸಾಲು ಇರುತ್ತದೆ: ಜಿಎಂ, ಜಿಎಂಕೆ, ಜಿಎಂಆರ್, 2ಎಜಿ, 2ಎಕೆ, 2ಎಆರ್, ಎಸ್‌ಸಿಜಿ, ಎಸ್‌ಸಿಕೆ, ಎಸ್‌ಸಿಆರ್. ಕೊನೆಯಲ್ಲಿ ‘ಕೆ’ ಇದ್ದರೆ ಕನ್ನಡ ಮಾಧ್ಯಮ, ‘ಆರ್’ ಇದ್ದರೆ ಗ್ರಾಮೀಣ. ಬೇರೆ ಜಾತಿಯ ಸೀಟನ್ನು ಕಿತ್ತು ಕೊಡುವ ವ್ಯವಸ್ಥೆ ಇದಲ್ಲ. ಪ್ರತಿ ಪ್ರವರ್ಗದ ಸೀಟಿನ ಒಳಗೇ ಅಷ್ಟನ್ನು ಎತ್ತಿಡುತ್ತಾರೆ. ಆ ಒಂದು ಅಕ್ಷರ ಸಿಕ್ಕಿದವರಿಗೆ ಸಾಮಾನ್ಯವಾಗಿ ಇನ್ನಷ್ಟು ಹಿಂದಿನ ರ‍್ಯಾಂಕಿನಲ್ಲೂ ಸೀಟು ಸಿಗುತ್ತದೆ. ಕೆ.ಆರ್. ವೃತ್ತದ ಯುವಿಸಿಇಯಂಥ ಕಾಲೇಜು ಸಿಗುತ್ತದೋ, ಊರಾಚೆಯ ಹೆಸರು ಕೇಳದ ಕಾಲೇಜಿಗೆ ಲಕ್ಷ ಹೊಂದಿಸಬೇಕೋ ಎಂಬುದು ಎಷ್ಟೋ ಮನೆಗಳಲ್ಲಿ ಆ ಅಕ್ಷರದಲ್ಲೇ ತೀರ್ಮಾನವಾಗುತ್ತದೆ. 1917ರಲ್ಲಿ ಶುರುವಾದ ಯುವಿಸಿಇಯ ಹೆಸರನ್ನು ನಮ್ಮ ಕಡೆಯ ತಂದೆತಾಯಿಗಳು ದೇವರ ಹೆಸರಿನ ಹಾಗೆ ಹೇಳುತ್ತಾರೆ. ಅಲ್ಲಿನ ಫೀಸು ಕಟ್ಟಬಹುದಾದ ಫೀಸು, ಅದಕ್ಕೆ.

ಈ ಎರಡೂ ಅಕ್ಷರ ಶಾಲೆ ಯಾರದ್ದು ಎಂದು ಕೇಳುವುದಿಲ್ಲ. ಯಾವ ಮಾಧ್ಯಮ, ಯಾವ ಜಾಗ, ಅಷ್ಟೆ. ಹೀಗಾಗಿ ನಗರದ ಬಡವರ ಮಕ್ಕಳು ಎರಡರ ನಡುವೆ ಬೀಳುತ್ತಾರೆ. ಕುಣಿಗಲ್, ಮಾಗಡಿ, ನಾಗಮಂಗಲದ ಹಳ್ಳಿಗಳಿಂದ ಬಂದು ಲಗ್ಗೆರೆಯ ಒಂದು ಕೋಣೆಯ ಮನೆಯಲ್ಲಿ ಬಾಡಿಗೆಗಿರುವ ಅಣ್ಣನ ಮಗನಿಗೆ ‘ಆರ್’ ಇಲ್ಲ. ಊರಲ್ಲೇ ಉಳಿದ ತಮ್ಮನ ಮಗನಿಗೆ ಇದೆ. ಊರಿನ ಶಾಲೆಯ ಕಷ್ಟ ನನಗೆ ಗೊತ್ತು, ಆ ಶೇ 15ರ ಮೇಲೆ ನನಗೆ ಕಣ್ಣಿಲ್ಲ. ಆದರೆ ನಗರದಲ್ಲಿದ್ದ ಮಾತ್ರಕ್ಕೆ ನಮ್ಮ ಮಕ್ಕಳು ನಗರದವರಾದರೇ? ಮಗುವನ್ನು ಅಜ್ಜಿ ಮನೆಗೆ ಕಳಿಸಿ ಅಲ್ಲೇ ಒಂದನೇ ಕ್ಲಾಸಿಗೆ ಸೇರಿಸುವುದು ಒಳ್ಳೆಯದಾ ಎಂದು ಈ ಕಾರಣಕ್ಕೇ ನನ್ನನ್ನು ಕೇಳಿದವರಿದ್ದಾರೆ. ಐದಾರು ವರ್ಷದ ಮಗುವನ್ನು ಹದಿನೆಂಟನೇ ವಯಸ್ಸಿನ ಒಂದು ಕೋಡಿಗಾಗಿ ಅಪ್ಪ ಅಮ್ಮನಿಂದ ದೂರ ಇಡುವ ಲೆಕ್ಕಾಚಾರ ಅದು. ಬೇಡ ಎಂದೇ ಹೇಳಿದ್ದೇನೆ. ಲೆಕ್ಕ ಮಾತ್ರ ಅವರದು ಸರಿಯಾಗಿಯೇ ಇತ್ತು.

ಇನ್ನು ಶಾಲೆ ಆರಿಸುವುದು. ನಮ್ಮಂಥವರಿಗೆ ಎಷ್ಟು ದಾರಿ ಇವೆ ನೋಡಿ.

ಕೇಂದ್ರೀಯ ವಿದ್ಯಾಲಯ ಎಲ್ಲರ ಬಾಯಲ್ಲೂ ಇದೆ, ಆದರೆ ಅಲ್ಲಿ ಮೊದಲ ಆದ್ಯತೆ ಕೇಂದ್ರ ಸರ್ಕಾರದ ನೌಕರರಿಗೆ. ಹಿಂದೆ ಸಂಸದರ ಶಿಫಾರಸು ಪತ್ರ ಎಂಬುದೊಂದಿತ್ತು, ಒಬ್ಬೊಬ್ಬ ಸಂಸದರಿಗೆ ಹತ್ತು ಸೀಟು. ಆ ಪತ್ರ ಸಿಗುತ್ತಿದ್ದದ್ದು ಕಾರ್ಯಕರ್ತರ ಕೈಕಾಲು ಹಿಡಿದವರಿಗೆ. 2022ರಲ್ಲಿ ಅದನ್ನು ನಿಲ್ಲಿಸಿದ್ದು ಒಳ್ಳೆಯದೇ ಆಯಿತು. ಶಿಕ್ಷಣ ಹಕ್ಕು ಕಾಯ್ದೆಯ (ಆರ್‌ಟಿಇ) ಸೀಟು ಇತ್ತು. ಖಾಸಗಿ ಶಾಲೆಯ ಶೇ 25 ಸೀಟಿಗೆ ಅರ್ಜಿ ಹಾಕಲು ನಮ್ಮ ಅಂಗಡಿಯ ಮುಂದೆ ರಸ್ತೆವರೆಗೆ ಜನ ನಿಲ್ಲುತ್ತಿದ್ದರು. 2019ರಲ್ಲಿ ರಾಜ್ಯ ಸರ್ಕಾರ ನಿಯಮ ತಿದ್ದಿ, ನೆರೆಹೊರೆಯಲ್ಲಿ ಸರ್ಕಾರಿ ಇಲ್ಲವೇ ಅನುದಾನಿತ ಶಾಲೆ ಇದ್ದರೆ ಖಾಸಗಿ ಶಾಲೆಯಲ್ಲಿ ಸೀಟಿಲ್ಲ ಎಂದಿತು. ಹೈಕೋರ್ಟೂ ಅದನ್ನು ಎತ್ತಿಹಿಡಿಯಿತು. ಬೆಂಗಳೂರಿನಲ್ಲಿ ಯಾವ ವಾರ್ಡಿನಲ್ಲಿ ಒಂದು ಸರ್ಕಾರಿ ಶಾಲೆ ಇಲ್ಲ? ಆ ಬಾಗಿಲು ಹೆಚ್ಚೂಕಮ್ಮಿ ಮುಚ್ಚಿತು. ಸರ್ಕಾರದ ದುಡ್ಡು ಖಾಸಗಿಯವರಿಗೇಕೆ ಹೋಗಬೇಕು, ನಮ್ಮ ಶಾಲೆಗೇ ಬನ್ನಿ ಎಂಬ ವಾದ ನನಗೂ ಒಪ್ಪಿಗೆಯೇ. ಬಂದವರನ್ನು ಕೊನೆವರೆಗೆ ಕೈಹಿಡಿದರೆ.

ಉಳಿದದ್ದು ಓಣಿಯ ಕಾನ್ವೆಂಟು. ಮೂರಂತಸ್ತಿನ ಮನೆಗೆ ‘ಇಂಟರ್‌ನ್ಯಾಷನಲ್’ ಎಂದು ಬೋರ್ಡು ಹಾಕಿ, ಮೇಲೆ ತಗಡು ಹೊದಿಸಿ ಪ್ರಾರ್ಥನೆ ನಡೆಸುವ ಶಾಲೆಗಳು. ಫೀಸು, ಪುಸ್ತಕ, ವ್ಯಾನು, ಎರಡು ಥರದ ಯೂನಿಫಾರ್ಮು ಸೇರಿದರೆ ವರ್ಷಕ್ಕೆ ನಲವತ್ತು ಐವತ್ತು ಸಾವಿರ ಹೋಗುತ್ತದೆ. ಇವುಗಳಲ್ಲಿ ಹೆಚ್ಚಿನವು ಸ್ಟೇಟ್ ಸಿಲಬಸ್ಸಿನವೇ. ಅಂದರೆ ಕರ್ನಾಟಕ ಪಠ್ಯಪುಸ್ತಕ ಸಂಘ ಸರ್ಕಾರಿ ಶಾಲೆಯ ಮಗುವಿಗೆ ಬಿಟ್ಟಿಯಾಗಿ ಕೊಡುವ ಅದೇ ಪುಸ್ತಕವನ್ನು ಇಲ್ಲಿ ದುಡ್ಡು ಕೊಟ್ಟು ಓದುತ್ತಾರೆ, ಕೊನೆಗೆ ಬರೆಯುವುದೂ ಅದೇ ಎಸ್ಸೆಸ್ಸೆಲ್ಸಿ. ಅಲ್ಲಿನ ಟೀಚರುಗಳಲ್ಲಿ ಕೆಲವರು ಸಂಜೆ ನಮ್ಮ ಅಂಗಡಿಗೆ ಬಂದು ಸರ್ಕಾರಿ ಶಿಕ್ಷಕರ ಪರೀಕ್ಷೆಗೆ ಅರ್ಜಿ ಹಾಕಿಸುತ್ತಾರೆ. ಅಷ್ಟಾದರೂ ಸಾಲ ಮಾಡಿ ಜನ ಅಲ್ಲಿಗೇ ಸೇರಿಸುತ್ತಾರೆ, ಯಾಕೆಂದರೆ ಇಂಗ್ಲಿಷು.

2019ರಲ್ಲಿ ಸರ್ಕಾರ ಸಾವಿರ ಶಾಲೆಗಳಲ್ಲಿ ಒಂದನೇ ತರಗತಿಯಿಂದಲೇ ಇಂಗ್ಲಿಷ್ ಮಾಧ್ಯಮ ತೆರೆದಾಗ ನನ್ನ ಮಗನಿಗೆ ಶಾಲೆಗೆ ಸೇರುವ ವಯಸ್ಸು. ಸಾಹಿತಿಗಳು ವಿರೋಧಿಸಿದರು. ಅವರ ಕನ್ನಡದ ಕಾಳಜಿಯನ್ನು ನಾನು ಅನುಮಾನಿಸುವುದಿಲ್ಲ. ಆದರೆ 2014ರಲ್ಲೇ ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠ, ಮಾಧ್ಯಮ ಆರಿಸುವುದು ಪೋಷಕರ ಹಕ್ಕು ಎಂದು ಕರ್ನಾಟಕದ ಪ್ರಕರಣದಲ್ಲಿಯೇ ತೀರ್ಪು ಕೊಟ್ಟಿತ್ತು. ಐದು ವರ್ಷ ಆ ಹಕ್ಕು ಫೀಸು ಕಟ್ಟುವ ಪೋಷಕರಿಗೆ ಮಾತ್ರ ಇತ್ತು. 2019ರಲ್ಲಿ ನಮಗೂ ಸ್ವಲ್ಪ ಸಿಕ್ಕಿತು. ನಾನು ಆ ಸೆಕ್ಷನ್ನಿಗೇ ಸೇರಿಸಿದೆ. ಇವತ್ತೂ ಅದು ಸರಿಯಾದ ಆಯ್ಕೆ ಎಂದೇ ಅಂದುಕೊಂಡಿದ್ದೇನೆ. ಗಣಿತದ ಪುಸ್ತಕದಲ್ಲಿ ಒಂದು ಬದಿ ಇಂಗ್ಲಿಷು, ಎದುರು ಬದಿ ಕನ್ನಡ. ಮನೆಯಲ್ಲಿ ನಾನು ಕನ್ನಡದ ಪುಟ ಓದಿ ಅರ್ಥ ಮಾಡಿಸುತ್ತಿದ್ದೆ, ಅವನು ಇಂಗ್ಲಿಷಿನ ಪುಟ ನೋಡಿ ಬರೆಯುತ್ತಿದ್ದ. ಇಂಥ ಪುಸ್ತಕ ಯಾವ ಇಂಟರ್‌ನ್ಯಾಷನಲ್ ಬೋರ್ಡಿನ ಶಾಲೆಯಲ್ಲೂ ನಾನು ಕಂಡಿಲ್ಲ. ಮಧ್ಯಾಹ್ನ ಬಿಸಿಯೂಟ, ಹಾಲು, ಮೊಟ್ಟೆ. ಕೆಲಸಕ್ಕೆ ಹೋಗುವ ತಾಯಿಗೆ ಬೆಳಿಗ್ಗೆ ಡಬ್ಬಿ ಕಟ್ಟುವ ಧಾವಂತ ಇಲ್ಲದಿರುವುದು ಸಣ್ಣ ಮಾತಲ್ಲ.

ಕೊರತೆಯನ್ನೂ ಹೇಳಲೇಬೇಕು. ಕನ್ನಡದಲ್ಲಿ ಪಾಠ ಮಾಡಿಕೊಂಡಿದ್ದ ಶಿಕ್ಷಕರಿಗೇ ಕೆಲವು ದಿನ ತರಬೇತಿ ಕೊಟ್ಟು ಇಂಗ್ಲಿಷ್ ಸೆಕ್ಷನ್ ಒಪ್ಪಿಸಿದರು. ವರ್ಗಾವಣೆಯಾದವರ ಜಾಗಕ್ಕೆ ಅತಿಥಿ ಶಿಕ್ಷಕರು, ಅವರು ಬರುವುದೂ ಶಾಲೆ ಶುರುವಾಗಿ ವಾರಗಳಾದ ಮೇಲೆ. ತಿಂಗಳಿಗೆ ಹನ್ನೆರಡು ಸಾವಿರದ ಆಸುಪಾಸಿನ ಗೌರವಧನ. ಬೆಂಗಳೂರಿನಲ್ಲಿ ಅಷ್ಟರಲ್ಲಿ ಯಾರು ನಿಲ್ಲುತ್ತಾರೆ? ನಾನು ಶಾಲಾಭಿವೃದ್ಧಿ ಸಮಿತಿಯ (ಎಸ್‌ಡಿಎಂಸಿ) ಸದಸ್ಯೆ. ನಮ್ಮ ಶಾಲೆಯಲ್ಲಿ ಒಂದು ವರ್ಷ ಗಣಿತಕ್ಕೆ ಯಾರೂ ಇರಲಿಲ್ಲ. ಬಿಇಒ ಕಚೇರಿಗೆ ಹೋಗಿ ಕೂತು, ಅರ್ಜಿಗೆ ಸ್ವೀಕೃತಿ ಮೊಹರು ಹಾಕಿಸಿಕೊಂಡು, ಮತ್ತೆ ಹೋಗಿ ವಿಚಾರಿಸಿ ಮೇಷ್ಟ್ರನ್ನು ತರಿಸಿದವರು ಮೂರು ನಾಲ್ಕು ತಾಯಂದಿರು. ಅವರಿಗೆ ಆ ಹಟ ಎಲ್ಲಿಂದ ಬಂತು? ನಮ್ಮ ಮಗು ಇಂಜಿನಿಯರ್ ಆಗಬೇಕು, ಡಾಕ್ಟರ್ ಆಗಬೇಕು ಎಂಬ ಆಸೆಯಿಂದ. ಆ ಆಸೆ ಇರುವ ಪೋಷಕರು ಐದನೇ ಕ್ಲಾಸಿಗೋ ಎಂಟನೇ ಕ್ಲಾಸಿಗೋ ಟಿಸಿ ತೆಗೆದುಕೊಂಡು ಖಾಸಗಿಗೆ ಹೊರಟರೆ, ಶಾಲೆಯ ಪರವಾಗಿ ಬಾಯಿ ತೆರೆಯುವವರು ಯಾರೂ ಉಳಿಯುವುದಿಲ್ಲ. ಶಾಲೆಗಳು ಹೀಗೇ ಖಾಲಿಯಾಗುತ್ತಿವೆ.

ಅವರು ಹೊರಡುವುದೂ ಕಾಲೇಜಿನ ಭಯದಿಂದಲೇ. ಇಂಜಿನಿಯರಿಂಗ್ ರ‍್ಯಾಂಕಿಗೆ ಪಿಯುಸಿ ಅಂಕ ಅರ್ಧ, ಸಿಇಟಿ ಅಂಕ ಅರ್ಧ. ಎರಡನ್ನೂ ಒಟ್ಟಿಗೆ ತಯಾರು ಮಾಡುತ್ತೇವೆನ್ನುವ ಇಂಟಿಗ್ರೇಟೆಡ್ ಕಾಲೇಜುಗಳು ಕೇಳುವುದು ಲಕ್ಷಗಳಲ್ಲಿ. ಅದಕ್ಕೆ ದುಡ್ಡಿಲ್ಲದವರು ಮಲ್ಲೇಶ್ವರದ 18ನೇ ಕ್ರಾಸ್ ಸರ್ಕಾರಿ ಕಾಲೇಜಿನಂಥ ಕಡೆ ಸೀಟು ಹುಡುಕುತ್ತಾರೆ. ಕೊನೆಗೆ ಒಂದೇ ಪರೀಕ್ಷೆಯಲ್ಲಿ, ಒಂದೇ ಪಟ್ಟಿಯಲ್ಲಿ ಎಲ್ಲರೂ. ರ‍್ಯಾಂಕು ಸ್ವಲ್ಪ ಹಿಂದೆ ಬಿದ್ದರೆ ದುಡ್ಡಿದ್ದವರಿಗೆ ಖಾಸಗಿ ಕಾಲೇಜುಗಳದೇ ಪರೀಕ್ಷೆಯಾದ ಕಾಮೆಡ್‌ಕೆ ಇದೆ, ಮ್ಯಾನೇಜ್‌ಮೆಂಟ್ ಸೀಟಿದೆ. ಖಾಸಗಿ ಕಾಲೇಜುಗಳ ಅರ್ಧಕ್ಕಿಂತ ಹೆಚ್ಚು ಸೀಟು ಹೋಗುವುದು ಆ ದಾರಿಗಳಲ್ಲೇ. ನಮ್ಮ ಮಕ್ಕಳಿಗೆ ಇರುವುದು ಸಿಇಟಿ ಒಂದೇ ಬಾಗಿಲು.

ಅತ್ತಿಬೆಲೆ ದಾಟಿದರೆ ತಮಿಳುನಾಡಿನ ಹೊಸೂರು. ಅಲ್ಲಿಯೂ ಇದೇ ಗಾರ್ಮೆಂಟ್ಸು, ಇದೇ ಫ್ಯಾಕ್ಟರಿ ಕೆಲಸ. ಆದರೆ ತಮಿಳುನಾಡು ಸರ್ಕಾರ 2020ರಲ್ಲಿ ಕಾನೂನು ತಂದು, ಆರರಿಂದ ಹನ್ನೆರಡನೇ ತರಗತಿವರೆಗೆ ಸರ್ಕಾರಿ ಶಾಲೆಯಲ್ಲಿ ಓದಿ ನೀಟ್ ಪಾಸಾದವರಿಗೆ ವೈದ್ಯಕೀಯದಲ್ಲಿ ಶೇ 7.5 ಸೀಟು ಎತ್ತಿಟ್ಟಿತು. ಅದಕ್ಕೂ ಮುಂಚೆ ಅಲ್ಲಿ ಸರ್ಕಾರಿ ಶಾಲೆಯಿಂದ ಎಂಬಿಬಿಎಸ್‌ಗೆ ಹೋಗುತ್ತಿದ್ದವರು ಬೆರಳೆಣಿಕೆಯಷ್ಟು. ಮೊದಲ ವರ್ಷವೇ ಮುನ್ನೂರಕ್ಕೂ ಹೆಚ್ಚು ಮಕ್ಕಳು ಹೋದರು. 2021ರಲ್ಲಿ ಇಂಜಿನಿಯರಿಂಗ್, ಕೃಷಿ, ಪಶುವೈದ್ಯಕೀಯ, ಕಾನೂನಿಗೂ ವಿಸ್ತರಿಸಿದರು. ಈ ಪಾಲಿನಲ್ಲಿ ಬಂದವರ ಫೀಸನ್ನೂ ಸರ್ಕಾರವೇ ಕಟ್ಟುತ್ತದೆ. ಮದ್ರಾಸ್ ಹೈಕೋರ್ಟು 2022ರಲ್ಲಿ ಆ ವೈದ್ಯಕೀಯ ಮೀಸಲಾತಿಯನ್ನು ಎತ್ತಿಹಿಡಿಯಿತು. ಅವರ ಕಾನೂನಿನಲ್ಲಿ ನನಗೆ ಹಿಡಿಸಿದ್ದು, ಮಾಧ್ಯಮ ಯಾವುದೆಂದು ಅದು ಕೇಳದಿರುವುದು. ನೀನು ನಮ್ಮ ಶಾಲೆಯಲ್ಲಿ ಓದಿದೆಯಾ, ಅಷ್ಟೇ ಪ್ರಶ್ನೆ.

ಕರ್ನಾಟಕಕ್ಕೆ ಇದನ್ನು ಮಾಡಲು ಏನು ಅಡ್ಡಿ? ಪ್ರತಿಭೆಗೆ ಅನ್ಯಾಯ ಎನ್ನುತ್ತಾರೆ. ಶೇ 15ರ ಗ್ರಾಮೀಣ, ಶೇ 5ರ ಕನ್ನಡ ಮೀಸಲಾತಿ ಎಷ್ಟೋ ವರ್ಷದಿಂದ ಇವೆ, ನಮ್ಮ ಕಾಲೇಜುಗಳೇನೂ ಕುಸಿದುಬಿದ್ದಿಲ್ಲ. ಮೊದಲು ಶಾಲೆ ಸುಧಾರಿಸಲಿ, ಮೀಸಲಾತಿ ಆಮೇಲೆ ನೋಡೋಣ ಎನ್ನುವವರಿಗೆ ನನ್ನ ಉತ್ತರ ಆಗಲೇ ಹೇಳಿದೆ: ಜಗಳ ಮಾಡುವ ಪೋಷಕರು ಒಳಗೆ ಉಳಿದರೆ ಮಾತ್ರ ಶಾಲೆ ಸುಧಾರಿಸುವುದು, ಅವರು ಉಳಿಯಲು ಒಂದು ಕಾರಣ ಬೇಕು. ಕನ್ನಡ ಮಾಧ್ಯಮಕ್ಕೆ ಪೆಟ್ಟು ಬೀಳುತ್ತದೆ ಎಂಬ ಭಯವಿದ್ದರೆ, ಆ ಮಾಧ್ಯಮದವರ ಶೇ 5 ಹಾಗೇ ಇರಲಿ, ಬೇಕಾದರೆ ಹೆಚ್ಚಿಸಿ. ನಾವು ಕೇಳುತ್ತಿರುವುದು ಬೇರೆಯದು.

ಸುಳ್ಳು ದಾಖಲಾತಿಯ ಮಾತೊಂದು ಉಳಿಯುತ್ತದೆ. ಹೆಸರು ಸರ್ಕಾರಿ ಶಾಲೆಯಲ್ಲಿ, ಮಗು ಖಾಸಗಿಯಲ್ಲಿ ಎನ್ನುವಂಥ ಆಟ ಆಡುವವರು ಇದ್ದೇ ಇರುತ್ತಾರೆ. ಆದರೆ ಈಗ ಪ್ರತಿ ಮಗುವಿಗೂ ಶಿಕ್ಷಣ ಇಲಾಖೆಯ ಸ್ಯಾಟ್ಸ್ ನಂಬರ್ ಇದೆ. ಒಂದನೇ ತರಗತಿಯಿಂದ ಯಾವ ವರ್ಷ ಯಾವ ಶಾಲೆ, ಯಾವ ಮಾಧ್ಯಮ ಎಂಬುದೆಲ್ಲ ಇಲಾಖೆಯ ಕಂಪ್ಯೂಟರಿನಲ್ಲೇ ಕೂತಿದೆ. ಸರ್ಕಾರ ಹೊಸದಾಗಿ ಯಾವ ದಾಖಲೆಯನ್ನೂ ಹುಟ್ಟಿಸಬೇಕಿಲ್ಲ.

ನಿಯಮ ಹೇಗಿರಬೇಕು ಎಂಬುದರಲ್ಲಿ ನನ್ನದೂ ಒಂದೆರಡು ಮಾತಿವೆ. ತಮಿಳುನಾಡಿನ ಹಾಗೆ ಹನ್ನೆರಡನೇ ತರಗತಿವರೆಗೆ ಎಂದರೆ ಇಲ್ಲಿ ನಡೆಯುವುದಿಲ್ಲ. ವಿಜ್ಞಾನ ವಿಭಾಗ ಇರುವ ಸರ್ಕಾರಿ ಪಿಯು ಕಾಲೇಜು ನಗರದ ಎಲ್ಲ ಬಡಾವಣೆಯಲ್ಲೂ ಸಿಗುವುದಿಲ್ಲ. ಹುಡುಗಿಯರನ್ನು ಎರಡು ಬಸ್ಸು ಬದಲಿಸಿ ಕಳಿಸಲು ಹಿಂಜರಿದು ಮನೆ ಹತ್ತಿರದ ಖಾಸಗಿ ಪಿಯುಗೇ ಸೇರಿಸುತ್ತಾರೆ. ಎಲ್‌ಕೆಜಿಯಿಂದ ಪಿಯುಸಿವರೆಗೆ ಒಂದೇ ಆವರಣ ಎಂಬ ಕರ್ನಾಟಕ ಪಬ್ಲಿಕ್ ಶಾಲೆಗಳು ಪ್ರತಿ ವಾರ್ಡಿಗೂ ಬರುವವರೆಗೆ, ಆರರಿಂದ ಹತ್ತನೇ ತರಗತಿ ಸರ್ಕಾರಿ ಅಥವಾ ಪಾಲಿಕೆ ಶಾಲೆಯಲ್ಲಿ ಓದಿದ್ದರೆ ಸಾಕು ಎಂದಿಡಿ. ಅನುದಾನಿತ ಶಾಲೆಗಳನ್ನು ಮೊದಲ ಹಂತದಲ್ಲಿ ಸೇರಿಸುವುದು ಬೇಡ. ಸೇರಿಸಿದರೆ ಪಾಲು ಕರಗಿಹೋಗುತ್ತದೆ. ಹೀಗೆಂದರೆ ಅವರಿಗೆ ಬೇಸರವಾಗುತ್ತದೆ, ಗೊತ್ತು. ಪ್ರಮಾಣ ಶೇ 5ಕ್ಕಿಂತ ಕಡಿಮೆಯಾದರೆ ಹೆಸರಿಗಷ್ಟೇ ಆಗುತ್ತದೆ.

ಇದಕ್ಕೆ ಕಾಲದ ಗಡುವೂ ಇದೆ. 2019ರಲ್ಲಿ ಇಂಗ್ಲಿಷ್ ಸೆಕ್ಷನ್ನಿನ ಒಂದನೇ ತರಗತಿಗೆ ಸೇರಿದ ಮೊದಲ ತಂಡ 2029ರಲ್ಲಿ ಎಸ್ಸೆಸ್ಸೆಲ್ಸಿ ಬರೆಯುತ್ತದೆ, 2031ರಲ್ಲಿ ಸಿಇಟಿ. ಸರ್ಕಾರವೇ ಕರೆದು ಸೇರಿಸಿಕೊಂಡ ಈ ಮಕ್ಕಳಿಗೆ ಈಗಿನ ನಿಯಮದ ಪ್ರಕಾರ ‘ಕೆ’ ಇಲ್ಲ. ನಗರದ ಶಾಲೆಯವರಾದರೆ ‘ಆರ್’ ಕೂಡ ಇಲ್ಲ. ಕಾನೂನನ್ನು 2031ರ ಮಾರ್ಚಿನಲ್ಲಿ ತಂದರೆ ಯಾರಿಗೂ ಉಪಯೋಗವಾಗದು. ಪೋಷಕರು ತೀರ್ಮಾನ ಮಾಡುವುದು ಏಳನೇ ತರಗತಿ ಮುಗಿದ ಬೇಸಿಗೆಯಲ್ಲಿ. ಮುಂದಿನ ಅಧಿವೇಶನದಲ್ಲೇ ಮಸೂದೆ ಬರಲಿ ಎಂದು ಬೆಂಗಳೂರಿನ ಶಾಸಕರನ್ನು ಕೇಳಿಕೊಳ್ಳುತ್ತೇನೆ. ಅವರ ಕ್ಷೇತ್ರದ ಸರ್ಕಾರಿ ಶಾಲೆಗಳ ಮಕ್ಕಳೇ ಇವರು.

ಪೋಷಕರಿಗೂ ಒಂದು ಮಾತು. ಮಗು ಇಷ್ಟು ವರ್ಷ ಕನ್ನಡ ಮಾಧ್ಯಮದಲ್ಲಿ ಓದಿದ್ದು ಎಂಟಕ್ಕೆ ಇಂಗ್ಲಿಷ್ ಸೆಕ್ಷನ್ನಿಗೆ ಹಾಕಬೇಕೆಂದಿದ್ದರೆ ಹಾಕಿ, ಬೇಡ ಎನ್ನುವುದಿಲ್ಲ. ಆದರೆ ಶೇ 5ರ ಪಾಲು ಬಿಟ್ಟುಕೊಡುತ್ತಿದ್ದೇವೆ ಎಂದು ತಿಳಿದು ಹಾಕಿ. ಕನ್ನಡದಲ್ಲೇ ಹತ್ತು ಮುಗಿಸುವುದಾದರೆ ಎಂಟನೇ ತರಗತಿಯಿಂದಲೇ ವಿಜ್ಞಾನ ಮತ್ತು ಗಣಿತದ ಇಂಗ್ಲಿಷ್ ಪುಸ್ತಕವನ್ನೂ ಪಕ್ಕದಲ್ಲಿಟ್ಟು ಓದಿಸಿ. ಪಠ್ಯಪುಸ್ತಕ ಸಂಘದ ಜಾಲತಾಣದಲ್ಲಿ ಎರಡೂ ಮಾಧ್ಯಮದ ಪುಸ್ತಕ ಉಚಿತವಾಗಿ ಸಿಗುತ್ತವೆ. ಸ್ಟಡಿ ಸರ್ಟಿಫಿಕೇಟನ್ನು ಶಾಲೆ ಬಿಡುವಾಗಲೇ, ಮಾಧ್ಯಮ ಮತ್ತು ವರ್ಷಗಳು ಸರಿಯಾಗಿ ನಮೂದಾಗಿವೆಯೇ ಎಂದು ನೋಡಿಕೊಂಡು ಬರೆಸಿಕೊಳ್ಳಿ. ಸಿಇಟಿ ಅರ್ಜಿಯ ಕೊನೆಯ ದಿನ ಬಿಇಒ ಕಚೇರಿಯಲ್ಲಿ ಸಹಿ ಹಾಕುವವರು ಸಿಗುವುದಿಲ್ಲ.